ನೆಲ್ ಒಳಗ ಅದಾಳ

"ನೆಲ... ದೂರ," ಅಂದರು ಆ ಮುದುಕಿ, ನನ್ನ ಮುಂಗೈ ಗಟ್ಟಿಯಾಗಿ ಹಿಡಿದು.

ವೇಲ್ಸ್‌ಗೆ ಬಂದು ಎರಡು ತಿಂಗಳಾಗುತ್ತ ಬಂದಿತ್ತು. ಅಷ್ಟು ದಿನಗಳಲ್ಲಿ ಫೋನಿನ ಹೊರಗೆ ಒಂದೇ ಒಂದು ಕನ್ನಡ ಶಬ್ದ ನನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ಬಿದ್ದದ್ದು ಎಂಬತ್ತರ ಆಸುಪಾಸಿನ ಒಬ್ಬ ಬಿಳಿ ಅಜ್ಜಿಯ ಬಾಯಿಂದ. ಅವರು ತಮ್ಮ ಜಿಲ್ಲೆ ಬಿಟ್ಟು ಹೋದದ್ದೇ ಅಪರೂಪವಂತೆ. ನಮ್ಮ ಮುದ್ದೇಬಿಹಾಳದ ಹೆಸರನ್ನು ಕನಸಿನಲ್ಲೂ ಕೇಳಿರಲಾರರು. ನನ್ನ ಮೈಯೆಲ್ಲ ಜುಮ್ಮೆಂದಿತು. "ಏನಂದ್ರಿ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಆಮೇಲೆ ತಮ್ಮ ಎರಡೂ ಪಾದಗಳನ್ನು ಮೆಲ್ಲಗೆ ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡರು. ಮಳೆಗಾಲದಲ್ಲಿ ಮನೆಯೊಳಗೆ ನೀರು ಹೊಕ್ಕಾಗ ನಾವು ಎತ್ತಿಟ್ಟುಕೊಳ್ಳುತ್ತೇವಲ್ಲ, ಹಾಗೆ. ನಾನೂ ನೆಲ ನೋಡಿದೆ. ಬೂದು ಬಣ್ಣದ ಜಮಖಾನ ಒಣಗೇ ಇತ್ತು. ಕಿಟಕಿಯಲ್ಲಿ ಬೆಳಗಿನ ಬಿಸಿಲು. ಆದರೂ ನಾನೊಂದು ಹೆಜ್ಜೆ ಹಿಂದೆ ಸರಿದೆ.

ವೃದ್ಧರ ಆ ಆರೈಕೆ ಮನೆಯಲ್ಲಿ ಕೆಲಸ ಮಾಡುವ ಕ್ಯಾರಿಸ್ ಎಂಬವಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಹೆದರಬೇಡ. ಅದು ವೆಲ್ಷ್ ಭಾಷೆ. 'ದೂರ್' ಅಂದರೆ ನೀರು. 'ನೆಲ್' ಅಂದರೆ ಅವರ ನಾಯಿ. ಇಲ್ಲಿ ಕುರಿ ಕಾಯುವ ಅರ್ಧ ನಾಯಿಗಳ ಹೆಸರು ಅದೇ. ಗ್ವೆನ್ ಅಜ್ಜಿ ಸಣ್ಣವರಿದ್ದಾಗ ಜಲಾಶಯ ಕಟ್ಟಿ ಅವರ ಊರು ಮುಳುಗಿಸಿದರು. ಆ ನಾಯಿ ಇನ್ನೂ ಮನೆಯೊಳಗೆ ಉಳಿದಿದೆ ಅಂತ ಅವರ ಚಿಂತೆ."

ಊರು ಮುಳುಗಿಸಿದರು. ಅದನ್ನು ಅವಳು ಮಳೆ ಬಂತು ಅನ್ನುವಷ್ಟು ಸಲೀಸಾಗಿ ಹೇಳಿದಳು. ಹೇಳುವುದಿದ್ದರೆ, ನಾನೂ ಮುಳುಗಡೆಯವಳೇ ಎಂದು ಹೇಳಬೇಕಿತ್ತು.

ನಮ್ಮ ಕಡೆಯ ಓದುಗರಿಗೆ ಮುಳುಗಡೆ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಒಂದು ಮಾತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಬಂದಾಗ ಹೊಳೆದಂಡೆಯ ಎಷ್ಟೋ ಊರುಗಳು ಹಿನ್ನೀರಿನಲ್ಲಿ ಹೋದವು. ಅದರಲ್ಲಿ ನಮ್ಮದೂ ಒಂದು. ನಾನು ಹುಟ್ಟಿದ್ದು ಆಮೇಲೆ, ಪುನರ್ವಸತಿ ಕೇಂದ್ರದಲ್ಲಿ. ಗೆರೆ ಎಳೆದಂಥ ಓಣಿಗಳು, ಒಂದೇ ವಯಸ್ಸಿನ ಮನೆಗಳು, ಯಾರ ಅಜ್ಜನೂ ನೆಟ್ಟಿರದ ಎಳೆಯ ಗಿಡಗಳು. ಬಸ್ಸಿನ ಕಂಡಕ್ಟರ್ ಇವತ್ತಿಗೂ ಊರಿನ ಹೆಸರು ಕೂಗುವುದಿಲ್ಲ, "ಸೆಂಟರ್ ಇಳೀರಿ" ಅನ್ನುತ್ತಾನೆ. ಹಿರಿಯರು ಮಾತು ಮಾತಿಗೆ "ಹಳೇ ಊರಾಗ..." ಎಂದು ಶುರು ಮಾಡುತ್ತಿದ್ದರು. ನಮಗೆ, ಅಂದರೆ ಅಲ್ಲಿ ಹುಟ್ಟಿದ ಮಕ್ಕಳಿಗೆ, ಅದು ಸತ್ತ ಬಂಧುವಿನ ಸುದ್ದಿ ಇದ್ದ ಹಾಗೆ. ಕೇಳಿ ಕೇಳಿ ಬೇಸತ್ತಿದ್ದೆವು.

ವೇಲ್ಸ್‌ಗೆ ಬಂದದ್ದು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಗೆ. ವಿದ್ಯಾರ್ಥಿವೇತನ ಸಿಕ್ಕಿತು, ಬಂದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ನಾನು ಮಾತಿನ ಮಲ್ಲಿ. ಭಾಷಣವಿರಲಿ, ಜಗಳವಿರಲಿ, ನನ್ನನ್ನೇ ಮುಂದೆ ದೂಡುತ್ತಿದ್ದರು. ಇಲ್ಲಿ ಬಂದ ಮೇಲೆ ಬಾಯಿಗೆ ಬೀಗ ಬಿತ್ತು. ತರಗತಿಯಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸುವುದರೊಳಗೆ ಮಾತು ಬೇರೆ ಕಡೆ ಹೋಗಿರುತ್ತಿತ್ತು. ನಮ್ಮಲ್ಲಿ ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕುವುದೇ ಪ್ರೀತಿ, ಇಲ್ಲಿ ಅದು ಅಪರಾಧ. ನಮ್ಮಲ್ಲಿ ಸುಮ್ಮನೆ ಕೂತವರನ್ನು "ಯಾಕ, ಮೈಯಾಗ ಆರಾಮಿಲ್ಲೇನ?" ಎಂದು ಕೇಳುತ್ತಾರೆ. ಇಲ್ಲಿ ಯಾರೂ ಕೇಳಲಿಲ್ಲ. ಅದನ್ನೇ ಸಭ್ಯತೆ ಅನ್ನುತ್ತಾರೆಂದು ಆಮೇಲೆ ತಿಳಿಯಿತು.

ನನ್ನ ಕೋಣೆ ಗುಡ್ಡದ ಇಳಿಜಾರಿನ ಒಂದು ಉದ್ದನೆಯ ಕಟ್ಟಡದಲ್ಲಿತ್ತು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮೊದಲ ವಾರ ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ಬಡಿಯಲು ಕೂತೆ. ಬಡಿದ ಸಪ್ಪಳಕ್ಕೆ ಪಕ್ಕದ ಕೋಣೆಯ ಹುಡುಗಿ ಬಂದು ಏನಾಯಿತು ಎಂದಳು. ಹಂಚು ಕಾದು ಹೊಗೆ ಎದ್ದದ್ದೇ ತಡ, ಇಡೀ ಕಟ್ಟಡದ ಗಂಟೆ ಹೊಡೆದುಕೊಂಡಿತು. ಎಲ್ಲರೂ ಮಳೆಯಲ್ಲಿ ಹೊರಗೆ ನಿಂತರು, ನಾನು ಕೈಯಲ್ಲಿ ಅರ್ಧ ಬೆಂದ ರೊಟ್ಟಿ ಹಿಡಿದು. ಅವತ್ತು ನನ್ನೊಡನೆ ಎಲ್ಲರೂ ಮಾತಾಡಿದರು. ಮರುದಿನ ಮತ್ತೆ ಮೌನ.

ಆ ಮೌನ ತಾಳದೆ ಸ್ವಯಂಸೇವೆಗೆ ಹೆಸರು ಕೊಟ್ಟೆ. ವಾರಕ್ಕೆರಡು ಬಾರಿ ಹೋಗಿ ಒಬ್ಬ ವೃದ್ಧರ ಜೊತೆ ಕೂರುವುದು, ಅಷ್ಟೇ ಕೆಲಸ. ನಮ್ಮೂರಲ್ಲಿ ಇದನ್ನು ಕೆಲಸ ಎಂದರೆ ನಗುತ್ತಾರೆ. ಹಿರಿಯರ ಹತ್ತಿರ ಕೂರುವುದಕ್ಕೆ ಹೆಸರು ಕೊಡಬೇಕೇ, ತರಬೇತಿ ಬೇಕೇ? ಆದರೆ ತರಬೇತಿ ಇತ್ತು, ಪೊಲೀಸ್ ತಪಾಸಣೆಯೂ ಇತ್ತು. ಎಲ್ಲ ಮುಗಿಸಿ ಹೋದಾಗ ಕೊಟ್ಟದ್ದು ಗ್ವೆನ್ ಅಜ್ಜಿಯನ್ನು. ಬೇರೆ ಸ್ವಯಂಸೇವಕರು ಅವರ ಕೋಣೆಯಲ್ಲಿ ಹೆಚ್ಚು ದಿನ ನಿಂತಿರಲಿಲ್ಲ. ಮರೆವಿನ ಕಾಯಿಲೆ ಅವರಿಂದ ಮೊದಲು ಇಂಗ್ಲಿಷನ್ನು ಕಸಿದಿತ್ತು. ಉಳಿದದ್ದು ಬಾಲ್ಯದ ವೆಲ್ಷ್. ಹೇಗೂ ಇಂಗ್ಲಿಷ್ ಬೇಡವಾದವರ ಜೊತೆ ಈ ಇಂಗ್ಲಿಷ್ ಬಾರದ ಹುಡುಗಿ ಇರಲಿ ಎಂದುಕೊಂಡರೋ ಏನೋ.

ನಾನು ಹೋಗುವುದು, ಅವರ ಪಕ್ಕ ಕೂರುವುದು. ಕ್ಯಾರಿಸ್ 'ಪಾನೆಡ್' ತಂದುಕೊಡುವುದು. ಪಾನೆಡ್ ಅಂದರೆ ಒಂದು ಕಪ್ ಚಹಾ. ಬರೀ ಕುಡಿಯುವುದಲ್ಲ, ಕೂತು ಕುಡಿಯುವುದು. ನಮ್ಮ 'ಚಾ ಕುಡಿದು ಹೋಗ್ರಿ'ಯಲ್ಲಿರುವ ಒತ್ತಾಯವೆಲ್ಲ ಆ ಒಂದು ಶಬ್ದದಲ್ಲಿದೆ. 'ತೀ' ಅಂದರೆ ಮನೆ, 'ನೈನ್' ಅಂದರೆ ಅಜ್ಜಿ. ಹೀಗೆ ಒಂದೊಂದೇ ಕಲಿತೆ. ಇಂಗ್ಲಿಷ್ ಮಾತಾಡಲು ನಾಚುತ್ತಿದ್ದ ನನಗೆ ವೆಲ್ಷ್ ತಪ್ಪಾಡಲು ನಾಚಿಕೆಯಾಗುತ್ತಿರಲಿಲ್ಲ. 'ನೈನ್' ಎಂದು ಮೊದಲ ಸಲ ಕರೆದಾಗ ಅಜ್ಜಿ ತಿರುಗಿ ನೋಡಿದರು. ಆ ಊರಿನಲ್ಲಿ ನಾನು ಕರೆದದ್ದಕ್ಕೆ ಒಬ್ಬರು ಹಾಗೆ ತಿರುಗಿದ್ದು ಅದೇ ಮೊದಲು. ಕ್ಯಾರಿಸ್ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದ ಅವರ ಮಾತು ನನ್ನ ನೆನಪಿನಲ್ಲಿ ನಮ್ಮೂರ ಕನ್ನಡವಾಗಿಯೇ ಉಳಿದಿದೆ. ಇಲ್ಲಿ ಹಾಗೇ ಬರೆಯುತ್ತೇನೆ.

"ಇವತ್ತ ಹೊಸ್ತಿಲ ತನಕಾ ಬಂದೈತಿ," ಅಂದರು ಒಂದು ದಿನ.

"ಏನು ಬಂದೈತಿ, ನೈನ್?"

"ನೀರು."

ಮುಂದಿನ ವಾರ, "ಒಲಿ ಆರೈತಿ," ಅಂದರು. ಅದರ ಮುಂದಿನ ವಾರ, "ಮೆಟ್ಟಲಾ ಎರಡು ಮುಳುಗ್ಯಾವು." ಕತೆ ಮುಂದೆ ಸಾಗುತ್ತಿತ್ತು. ಬೇರೆ ಯಾವುದೂ ನೆನಪಿನಲ್ಲಿ ನಿಲ್ಲದ ಆ ತಲೆಯೊಳಗೆ ನೀರು ಮಾತ್ರ ಬಿಟ್ಟಲ್ಲಿಂದ ಶುರುವಾಗಿ ಏರುತ್ತಿತ್ತು. ಕೋಣೆಯಿಂದ ಹೊರಬಂದಾಗ ನನಗೂ ಸಾಕ್ಸು ಒದ್ದೆಯಾದಂತೆ ಅನ್ನಿಸುತ್ತಿತ್ತು. ಮುಟ್ಟಿ ನೋಡಿದರೆ ಒಣಗಿರುತ್ತಿತ್ತು. ಒಂದೆರಡು ಸಲ ಅಲ್ಲ, ಪ್ರತಿ ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಚಳಿಗಾಲ ಕಳೆಯುವ ಹೊತ್ತಿಗೆ ಅಜ್ಜಿ ಊಟ ಬಿಡತೊಡಗಿದರು. ಚಮಚ ಬಾಯಿಗೆ ಒಯ್ದರೆ ತಡೆದು, "ನೆಲ್ ಒಳಗ ಅದಾಳ. ಅಕಿಗೆ ಮೊದಲ," ಅನ್ನುತ್ತಿದ್ದರು. ಕ್ಯಾರಿಸ್ ಒಂದು ಮೆತ್ತನೆಯ ಆಟಿಕೆ ನಾಯಿ ತಂದುಕೊಟ್ಟಳು. ಅಜ್ಜಿ ಅದನ್ನು ಮರ್ಯಾದೆಯಿಂದ ಇಸಿದುಕೊಂಡು ಕುರ್ಚಿಯ ಕೆಳಗೆ ಇಟ್ಟರು, ಮತ್ತೆ ನೋಡಲಿಲ್ಲ. ಒಂದು ಮಧ್ಯಾಹ್ನ ಅವರು ಕೋಣೆಯಲ್ಲಿ ಇರಲಿಲ್ಲ. ಹುಡುಕಿದಾಗ ಹೆದ್ದಾರಿಯ ಅಂಚಿನಲ್ಲಿ ಸಿಕ್ಕರು, ಮನೆಯ ಚಪ್ಪಲಿಯಲ್ಲಿ, ಮುಳುಗಿದ ಊರಿನ ಕಣಿವೆಯ ದಿಕ್ಕಿಗೆ ನಡೆಯುತ್ತ. ಲಾರಿಯೊಂದು ಅವರನ್ನು ಸವರಿಕೊಂಡು ಹೋಗಿತ್ತಂತೆ.

ಆಮೇಲೆ ಸುದ್ದಿ ಬಂತು: ಅವರನ್ನು ಬೀಗ ಹಾಕಿದ ವಿಭಾಗವಿರುವ ಇನ್ನೊಂದು ಆರೈಕೆ ಮನೆಗೆ ಕಳಿಸುತ್ತಾರೆ. ಅದು ಇರುವುದು ದೂರದ ಇಂಗ್ಲಿಷ್ ಊರಿನಲ್ಲಿ. ಅಲ್ಲಿ ವೆಲ್ಷ್ ಬಲ್ಲವರು ಒಬ್ಬರೂ ಇಲ್ಲ.

"ಅಲ್ಲಿ ಹೋದರೆ ಅವರ ಮಾತು ಯಾರಿಗೂ ತಿಳಿಯುವುದಿಲ್ಲ," ಎಂದೆ ಕ್ಯಾರಿಸ್‌ಗೆ.

"ಇಲ್ಲಿ ತಿಳಿದು ಏನು ಮಾಡಿದೆವು?" ಎಂದಳು ಅವಳು. ಅವಳ ಕಣ್ಣು ಕೆಂಪಾಗಿತ್ತು.

ಭಾನುವಾರ ಅವ್ವನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಊಟಾ ಮಾಡಿದೇನ ಯವ್ವಾ ಲೀಲಾ?"

"ಮಾಡೀನಿ ಬೇ. ಇಲ್ಲೊಬ್ಬಾಕಿ ಮುದುಕಿ ಅದಾಳ ನೋಡು. ಅಕಿದೂ ಊರು ಮುಳುಗೈತಿ." ಎಲ್ಲ ಹೇಳಿದೆ. ನೀರು ಏರುವುದು, ಊಟ ಬಿಟ್ಟದ್ದು, ಒಳಗೆ ಉಳಿದ ನಾಯಿ.

ಅವ್ವ ಎದ್ದು ಹೋಗಿ ಕುಕ್ಕರಿನ ಒಲೆ ಆರಿಸಿದ್ದು ಕೇಳಿಸಿತು.

"ನಾಯಿ ಅಂತ ಯಾರು ಹೇಳಿದ್ರು?" ಅಂದಳು ತಿರುಗಿ ಬಂದು.

"ಎಲ್ಲಾರೂ ಅಂತಾರ."

"ನಿಮ್ಮ ಆಯೀನೂ ಹಂಗ ಅಂತಿದ್ರು. ನೀ ಸಣ್ಣಾಕಿ ಇದ್ದಿ. ಕಡೀ ವರ್ಷ ಒಂದ ಸಮನೆ, ಒಳಗ ಒಬ್ಬರು ಉಳದಾರ, ಒಳಗ ಒಬ್ಬರು ಉಳದಾರ. ನಿಮ್ಮಪ್ಪ ಆಕಳಾ ನೆನಸ್ತಾರ ಅಂತಿದ್ದ. ಮಂದೀನೂ ಹೂಂ ಅಂತಿದ್ರು."

ಆಯಿ ಅಂದರೆ ನನ್ನ ಅಪ್ಪನ ತಾಯಿ. ನನಗೆ ನೆನಪಿದೆ, ಹಾಸಿಗೆ ಹಿಡಿದ ಆಯಿ ನೆಲಕ್ಕೆ ಕಾಲೂರಲು ಒಲ್ಲೆ ಅನ್ನುತ್ತಿದ್ದದ್ದು.

"ಆಕಳಲ್ಲೇನ ಬೇ?"

"ಅಲ್ಲ. ನಿಮ್ಮಪ್ಪಗಿಂತ ಮೊದಲ ನಿಮ್ಮ ಆಯಿಗೆ ಒಂದು ಹೆಣ್ಣುಕೂಸು ಆಗಿತ್ತಂತ. ಸಂಜೀತನಕಾನೂ ಉಳೀಲಿಲ್ಲಂತ. ಹಿತ್ತಲದಾಗ ನುಗ್ಗಿ ಗಿಡದ ಬುಡಕ ಹುಗದಿದ್ರು. ಊರು ಬಿಡೂ ದಿನ ಸಾಮಾನೆಲ್ಲಾ ಟ್ರ್ಯಾಕ್ಟರಿಗೆ ಏರಿದ್ರೂ ನಮ್ಮತ್ತಿ ಹಿತ್ತಲಾ ಬಿಟ್ಟು ಬರವಲ್ಲರು. ನಾ ಹೋಗಿ ಕೈ ಹಿಡದು ಎಬ್ಬಿಸಿದೆ. ಆವಾಗ ನನಗಷ್ಟ ಹೇಳಿದ್ರು. ನಾ ಹೋದ್ರ ಇದರ ಮ್ಯಾಲ ನೀರು ಬರ್ತೈತಿ ಅಂದ್ರು."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ ನೀ?"

"ಯಾರು ಕೇಳಿದ್ರು?" ಅಂದಳು ಅವ್ವ. ಸಿಟ್ಟಿನಿಂದ ಅಲ್ಲ, ಸುಮ್ಮನೆ.

ಮರುದಿನ ನನ್ನ ಪಾಳಿ ಇರಲಿಲ್ಲ. ಆದರೂ ಹೋದೆ. ಕ್ಯಾರಿಸ್‌ಳನ್ನು ಪಕ್ಕಕ್ಕೆ ಕರೆದು, ಅಜ್ಜಿಗೆ ಒಂದೇ ಪ್ರಶ್ನೆ ಕೇಳಬೇಕು, ತಪ್ಪಿಲ್ಲದಂತೆ ಕೇಳಿಕೊಡು ಎಂದೆ. ಅವಳು ಅಜ್ಜಿಯ ಮುಂದೆ ಮೊಣಕಾಲೂರಿ ಕೂತು ಕೇಳಿದಳು:

"ನೆಲ್ ಎಷ್ಟು ದೊಡ್ಡಾಕಿ, ನೈನ್?"

ಅಜ್ಜಿ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಹೊದಿಕೆಯನ್ನು ಹಿಡಿದಿದ್ದ ಬೆರಳು ಬಿಚ್ಚಿ ಎರಡೂ ಅಂಗೈಗಳನ್ನು ಮೇಲೆತ್ತಿ, ನಡುವೆ ಗಾಳಿಯಲ್ಲಿ ಒಂದಿಷ್ಟು ಜಾಗ ಬಿಟ್ಟು ತೋರಿಸಿದರು. ಒಂದು ದೊಡ್ಡ ಬ್ರೆಡ್ಡಿನಷ್ಟು ಉದ್ದ.

"ಅಳಲೇ ಇಲ್ಲ ಅಕಿ," ಅಂದರು. "ನನ್ನ ಬೆನ್ನಿಗೆ ಹುಟ್ಟಿದಾಕಿ. ಹೆಸರು ನಮ್ಮವ್ವ ಇಟ್ಟಳು. ಅಪ್ಪ ತೋಟದ ಗೋಡಿ ಬುಡಕ ಇಟ್ಟ. ನೀರು ಬಿಡೂ ಮುಂದ ಚರ್ಚಿನ ಅಂಗಳದಾಗಿನ ಸತ್ತವರನ್ನೆಲ್ಲಾ ತಗದು ಮ್ಯಾಲ ಒಯ್ದ್ರು. ಕಲ್ಲಿನ ಮ್ಯಾಲ ಹೆಸರು ಇದ್ದವರನ್ನೆಲ್ಲಾ ಒಯ್ದ್ರು. ಅಕಿನ ಯಾರೂ ಕೇಳಲಿಲ್ಲ. ಅಕಿ ಒಳಗ ಅದಾಳ."

ಕ್ಯಾರಿಸ್ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಡುವೆ ಎರಡು ಸಲ ನಿಂತಳು. ಆದರೆ ಅಂಗೈಗಳ ನಡುವಿನ ಆ ಖಾಲಿ ಜಾಗ ಕಂಡಾಗಲೇ ನನಗೆ ತಿಳಿದುಹೋಗಿತ್ತು.

ಅದೇ ವಾರ ಅಜ್ಜಿಯನ್ನು ಕಳಿಸುವ ಬಗ್ಗೆ ಸಭೆ. ಆರೈಕೆ ಮನೆಯ ಮೇಲ್ವಿಚಾರಕಿ, ಒಬ್ಬ ವೈದ್ಯರು, ಅಜ್ಜಿಯ ತಂಗಿಯ ಮಗಳು ಶಾನ್. ಸ್ವಯಂಸೇವಕರನ್ನು ಕರೆಯುವ ರೂಢಿಯಿಲ್ಲ. ನಾನೇ ಕೇಳಿಕೊಂಡು ಹೋದೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಇಡೀ ವರ್ಷ ತರಗತಿಯಲ್ಲಿ ಮಾತು ನುಂಗಿಕೊಂಡೇ ಕೂತಿದ್ದೆ. ಅವರು ಭದ್ರತೆ, ಬೀಗ, ವಾಹನ ಎಂದು ಮಾತಾಡುತ್ತಿದ್ದಾಗ, ನಮ್ಮೂರವಳ ಹಾಗೆ ನಡುವೆ ಬಾಯಿ ಹಾಕಿದೆ.

"ಅವರು ತಪ್ಪಿಸಿಕೊಂಡು ಹೋಗುತ್ತಿಲ್ಲ. ಒಬ್ಬರನ್ನು ಕರೆತರಲು ಹೋಗುತ್ತಿದ್ದಾರೆ."

ಆಮೇಲೆ ಎಲ್ಲವನ್ನೂ ಹೇಳಿದೆ, ನನ್ನ ಆಯಿಯದನ್ನೂ. ವ್ಯಾಕರಣ ತಪ್ಪಿತ್ತು. ಯಾರೂ ನನ್ನನ್ನು ತಡೆಯಲಿಲ್ಲ. ಶಾನ್ ಬಿಳಿಚಿಕೊಂಡು, "ನನ್ನ ಅಮ್ಮ ಎಂದೂ ಇದನ್ನು ಹೇಳಿಲ್ಲ," ಎಂದಳು. ಆಮೇಲೆ, "ನಾನೂ ಕೇಳಿಲ್ಲ," ಎಂದಳು. ಅಜ್ಜಿಯನ್ನು ಬೇಸಿಗೆ ಮುಗಿಯುವವರೆಗೆ ಇಲ್ಲಿಯೇ ಇಟ್ಟು ನೋಡುವುದು ಎಂದಾಯಿತು.

ಆ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಮಳೆಯೇ ಮನೆದೇವರಾದ ನಾಡಿನಲ್ಲಿ ಹುಲ್ಲು ಹಳದಿಯಾಯಿತು. ಜಲಾಶಯ ಇಳಿಯಿತು, ಇಳಿಯುತ್ತ ಇಳಿಯುತ್ತ ಅಜ್ಜಿಯ ಊರು ಮೇಲೆ ಬಂತು. ಶಾನ್ ಒಂದು ಬೆಳಿಗ್ಗೆ ಗಾಡಿ ತಂದಳು. ಗಾಲಿಕುರ್ಚಿ, ಕಂಬಳಿ, ಕ್ಯಾರಿಸ್, ನಾನು.

ದಂಡೆಯ ಮೇಲೆ ನಿಂತಾಗ ಮೊದಲು ನನ್ನನ್ನು ತಟ್ಟಿದ್ದು ವಾಸನೆ. ಬಿರಿದ ಕೆಸರು, ಕೊಳೆತ ಬೇರು, ಕಬ್ಬಿಣದ ಕಮಟು. ನಮ್ಮ ಹಿನ್ನೀರು ಇಳಿದಾಗ ಬರುವ ವಾಸನೆಯೇ. ಕಣ್ಣು ಮುಚ್ಚಿದ್ದರೆ ಮುದ್ದೇಬಿಹಾಳ ತಾಲೂಕಿನಲ್ಲಿ ನಿಂತಿದ್ದೇನೆ ಅನ್ನಬಹುದಿತ್ತು. ಕೆಳಗೆ ಕಲ್ಲಿನ ಗೋಡೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಕಡಿದ ಮರಗಳ ಬೊಡ್ಡೆಗಳು ಸಾಲಾಗಿ, ಯಾರನ್ನೋ ಕಾಯುತ್ತ ಕೂತವರಂತೆ. ಒಂದು ಸಣ್ಣ ಸೇತುವೆ, ಅದರ ಕೆಳಗೆ ಹಳ್ಳವಿಲ್ಲ. ಹಕ್ಕಿಗಳು ದಂಡೆಯವರೆಗೆ ಬಂದು ತಿರುಗಿ ಹೋಗುತ್ತಿದ್ದವು. ಒಂದೂ ಕೆಳಗಿಳಿಯಲಿಲ್ಲ.

ಅಜ್ಜಿ ಬೆರಳು ಚಾಚಿದರು. ಹುಡುಕಲಿಲ್ಲ, ಅಳೆಯಲಿಲ್ಲ, ನೇರ ಚಾಚಿದರು. ಕ್ಯಾರಿಸ್ ಅವರ ಹತ್ತಿರ ನಿಂತಳು. ಶಾನ್ ಮತ್ತು ನಾನು ಇಳಿದೆವು.

ಮೇಲಿನ ಕೆಸರು ಹಂಚಿನಂತೆ ಬಿರಿದು ಗಟ್ಟಿಯಾಗಿತ್ತು. ಅಜ್ಜಿ ತೋರಿಸಿದಲ್ಲಿ ಒಂದು ಮನೆಯ ತಳಪಾಯ, ಮೂರು ಮೆಟ್ಟಿಲು, ಹಿಂದೆ ತೋಟದ ಗೋಡೆಯ ಒಂದು ಮೂಲೆ. ಆ ಗೋಡೆಯ ಬುಡಕ್ಕೆ ಬಂದು ಇಬ್ಬರೂ ನಿಂತೆವು. ಸುತ್ತಲೂ ನೆಲ ಒಣಗಿ ಬಾಯಿ ಬಿಟ್ಟಿತ್ತು. ಗೋಡೆಗೆ ಅಂಟಿಕೊಂಡ ಒಂದು ತುಂಡು ನೆಲ ಮಾತ್ರ ಬಿರಿದಿರಲಿಲ್ಲ. ನುಣ್ಣಗೆ, ಕಪ್ಪಗೆ, ಒದ್ದೆಯಾಗಿತ್ತು. ಬಹಳ ಉದ್ದವಿಲ್ಲ. ಒಳಗೆ ಒಸರು ಇರಬಹುದು ಎಂದು ಶಾನ್ ಅಂದಳು. ಇರಬಹುದು. ಕೈ ಇಟ್ಟೆ, ತಣ್ಣಗಿತ್ತು.

ಆಗ ಯಾರೋ "ನೆಲ್!" ಎಂದು ಕೂಗಿದರು.

ಎಳೆಯ ಹುಡುಗಿಯ ದನಿ. ಉಣ್ಣಲು ಬಾ ಎಂದು ಅಂಗಳದಿಂದ ಕರೆಯುವ ದನಿ. ಶಾನ್ ನನ್ನ ತೋಳು ಹಿಡಿದಳು. ಕೂಗು ದಂಡೆಯ ಕಡೆಯಿಂದ ಬಂದಂತಿರಲಿಲ್ಲ, ಗೋಡೆಯ ಆಚೆಯಿಂದ ಬಂದಂತಿತ್ತು. ಕಣಿವೆಯಲ್ಲಿ ದನಿ ಹೀಗೇ ಸುತ್ತಿ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕ್ಯಾರಿಸ್‌ಳನ್ನು ಕೇಳಿದೆವು. "ಅಜ್ಜಿ ಬಾಯಿ ತೆರೆಯಲೇ ಇಲ್ಲ," ಎಂದಳು. "ನಾನು ನೀವೇ ಕೂಗಿದಿರಿ ಅಂದುಕೊಂಡೆ."

ಶಾನ್ ಅಳುತ್ತಿದ್ದಳು. ನಮ್ಮಲ್ಲಾದರೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಕಾಯಿ ಒಡೆಯುತ್ತಿದ್ದೆವು, ಹೂವು ಇಡುತ್ತಿದ್ದೆವು. ಇಲ್ಲಿ ಏನೂ ಇರಲಿಲ್ಲ. ನನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ ಹಾಸಿದೆ. ಶಾನ್ ಎರಡೂ ಕೈಯಿಂದ ಆ ಒದ್ದೆ ಮಣ್ಣನ್ನು ಬೊಗಸೆ ತುಂಬ ಎತ್ತಿ ಅದರಲ್ಲಿ ಇಟ್ಟಳು. ಗಂಟು ಹಾಕಲಿಲ್ಲ, ಮಡಚಿ ಸುತ್ತಿದೆವು.

ಮೇಲೆ ಬಂದು ಅಜ್ಜಿಯ ತೊಡೆಯ ಮೇಲೆ ಇಟ್ಟಾಗ ಅವರು ಬಟ್ಟೆಯ ತುದಿ ಸರಿಸಿ ನೋಡಿದರು. ಮೂಸಿದರು. ತುದಿಯನ್ನು ಮತ್ತೆ ಮುಚ್ಚಿ, ಒಂದು ಕೈಯಿಂದ ಮೆಲ್ಲಗೆ ತಟ್ಟತೊಡಗಿದರು. ಮಕ್ಕಳನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಆ ಲಯದಲ್ಲಿ. ಬಹಳ ಹೊತ್ತಿನ ಮೇಲೆ ನನ್ನನ್ನು ತೋರಿಸಿ ಕ್ಯಾರಿಸ್‌ಗೆ ಏನೋ ಕೇಳಿದರು.

"ಈಕಿ ಯಾವ ಊರಾಕಿ ಅಂತ ಕೇಳುತ್ತಿದ್ದಾರೆ," ಎಂದಳು ಕ್ಯಾರಿಸ್.

"ನಮ್ಮೂರೂ ನೀರಾಗ ಐತಿ ಅಂತ ಹೇಳು," ಎಂದೆ.

ಅಜ್ಜಿ ಕೇಳಿಸಿಕೊಂಡು ತಲೆಯಾಡಿಸಿದರು. ಹೊಸ ಸುದ್ದಿಯೇನಲ್ಲ ಎಂಬಂತೆ.

ಆ ಮಣ್ಣನ್ನು ಶಾನ್ ಮೇಲಿನ ಊರಿನ ಸಮಾಧಿ ಅಂಗಳದಲ್ಲಿ, ತನ್ನ ಅಜ್ಜಿಯ, ಅಂದರೆ ಗ್ವೆನ್ ಅವರ ತಾಯಿಯ, ಪಕ್ಕ ಇಟ್ಟಳು. ಗ್ವೆನ್ ಅಜ್ಜಿಯ ಕಾಯಿಲೆ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಹೆಸರು ಅವರಿಗೆ ಕೊನೆಯವರೆಗೂ ಬರಲಿಲ್ಲ. ಕೆಲವು ದಿನ ಕಾಲು ಎತ್ತಿಯೇ ಕೂರುತ್ತಿದ್ದರು. ಆದರೆ ಉಂಡರು. ಬಾಗಿಲ ಕಡೆ ನಡೆಯುವುದು ನಿಂತಿತು. ಅವರನ್ನು ಎಲ್ಲಿಗೂ ಕಳಿಸಲಿಲ್ಲ. ಮುಂದಿನ ಚಳಿಗಾಲದಲ್ಲಿ ತಮ್ಮ ಭಾಷೆಯ ನಡುವೆಯೇ ತೀರಿಕೊಂಡರು. ಆಗ ನನಗೆ ಪದವಿ ಬಂದಿತ್ತು, ಅದೇ ಆರೈಕೆ ಮನೆಯಲ್ಲಿ ಕೆಲಸವೂ ಸಿಕ್ಕಿತ್ತು. ಅವರ ಅಂತ್ಯಕ್ರಿಯೆಯಲ್ಲಿ ಮನೆಯವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದರು. ಹಾಡು ಪೂರ್ತಿ ಬಾರದಿದ್ದರೂ ತುಟಿ ಆಡಿಸಿದೆ.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಬಂದೆ. ಮೊದಲೆರಡು ದಿನ ಬಿಸಿಲು ಮೈಗೆ ಹೊಡೆತದಂತೆ ಬಿತ್ತು. ಮುಳವಾಡದ ಕಡೆಯ ಸೋದರಮಾವ ನೋಡಲು ಬಂದಿದ್ದ. ಏತ ನೀರಾವರಿಯಿಂದ ಅವನ ಹೊಲಕ್ಕೆ ಈಗ ಎರಡು ಬೆಳೆ. "ನಿಮ್ಮೂರ ಮುಳುಗಿದ ನೀರ ನಮ್ಮ ಹೊಲಕ್ಕ ಬರ್ತೈತಿ ನೋಡು," ಎಂದು ನಕ್ಕ. ಅವ್ವ ನಗಲಿಲ್ಲ, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಊಟದ ನಡುವೆ ಮಾತು ಬಂದಾಗ ಎಲ್ಲರದೂ ಮುಗಿಯಲಿ ಎಂದು ಕಾಯುತ್ತ ಕೂತಿದ್ದೆ. ಯಾರದೂ ಮುಗಿಯಲಿಲ್ಲ. "ಯಾಕ ಸುಮ್ಮನ ಕುಂತಿ, ಮೈಯಾಗ ಆರಾಮಿಲ್ಲೇನ?" ಎಂದು ಮಾವ ಕೇಳಿದ.

"ಯವ್ವಾ, ಹಳೇ ಊರಿಗೆ ಹೋಗೂಣು ನಡಿ," ಎಂದೆ ಮರುದಿನ.

"ಅಲ್ಲೇನೈತಿ? ಕೆಸರು."

"ಅದನ್ನ ನೋಡೂಣು."

ಮುದ್ದೇಬಿಹಾಳದಿಂದ ಆಟೋ ಮಾಡಿಕೊಂಡು ಹೋದೆವು. ಹಿನ್ನೀರು ಕಣ್ಣಿಗೆ ಕಾಣುವಷ್ಟು ದೂರ ಹಿಂದೆ ಸರಿದಿತ್ತು. ವೇಲ್ಸಿನ ಆ ಕಣಿವೆಯಲ್ಲಿ ಕಲ್ಲಿನ ಗೋಡೆಗಳಾದರೂ ಇದ್ದವು. ನಮ್ಮದು ಮಣ್ಣಿನ ಊರು. ಮಣ್ಣು ಮಣ್ಣಿಗೆ ಸೇರಿ ಎಲ್ಲ ಸಪಾಟಾಗಿತ್ತು. ಅವ್ವ ದಂಡೆಯಲ್ಲಿ ಚಪ್ಪಲಿ ಬಿಟ್ಟಳು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ದಿಕ್ಕು ತಪ್ಪಿದವಳಂತೆ ನಿಂತಳು. ಆಮೇಲೆ ಸೆರಗು ತಲೆಯ ಮೇಲೆ ಹೊದ್ದು ನಡೆಯತೊಡಗಿದಳು.

ನೇರ ನಡೆಯಲಿಲ್ಲ. ಆ ಬಟಾಬಯಲಿನಲ್ಲಿ ಅವಳು ಒಂದು ಕಡೆ ಎಡಕ್ಕೆ ಹೊರಳಿದಳು, ಸ್ವಲ್ಪ ಮುಂದೆ ಹೋಗಿ ಬಲಕ್ಕೆ ಹೊರಳಿದಳು. ಒಂದು ಕಡೆ ಮೈ ಸಣ್ಣದು ಮಾಡಿಕೊಂಡು ಓರೆಯಾಗಿ ದಾಟಿದಳು, ಎದುರಿಗೆ ಎತ್ತಿನ ಗಾಡಿ ಬಂದರೆ ಇಕ್ಕಟ್ಟಾದ ಓಣಿಯಲ್ಲಿ ಸರಿದು ನಿಲ್ಲುತ್ತಾರಲ್ಲ, ಹಾಗೆ. ಒಂದು ಕಡೆ ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡಳು. "ಯಾಕ ಬೇ?" ಎಂದೆ. "ಗೌಡ್ರ ಕಟ್ಟಿ," ಅಂದಳು, ಗೌಡರು ಇನ್ನೂ ಅಲ್ಲಿ ಕೂತಿದ್ದಾರೆ ಎಂಬಂತೆ ದನಿ ತಗ್ಗಿಸಿ. ಕಡೆಗೆ ಒಂದು ಜಾಗಕ್ಕೆ ಬಂದು, ಏನೂ ಇಲ್ಲದ ಗಾಳಿಯಲ್ಲಿ ತಲೆ ಬಗ್ಗಿಸಿ, ಕಾಲೆತ್ತಿ ಒಳಗಿಟ್ಟಳು.

ನಾನು ಹೊರಗೇ ನಿಂತೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ತಾಯಿ ಇಲ್ಲದ ಮನೆಯೊಳಗೆ ಓಡಾಡುತ್ತಿದ್ದಳು. "ಇಲ್ಲೆ ಒಲಿ. ಇಲ್ಲೆ ಬಚ್ಚಲಾ." ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಕೈ ಇಟ್ಟಳು. "ಇಲ್ಲೆ ನುಗ್ಗಿ ಗಿಡಾ." ನಾನೂ ತಲೆ ಬಗ್ಗಿಸಿಯೇ ಒಳಗೆ ಹೋದೆ. ಬಗ್ಗಿಸದಿದ್ದರೆ ಹಣೆ ಬಡಿಯುತ್ತದೆಂದು ನಿಜಕ್ಕೂ ಅನ್ನಿಸಿತು. ಅವಳ ಪಕ್ಕ ಕೂತೆ. ತಂದಿದ್ದ ಕಾಯಿ ಒಡೆದೆವು. ಅವ್ವ ಆ ಕೂಸಿನ ಹೆಸರು ಗೊತ್ತಿಲ್ಲವೆಂದಳು. ಹೆಸರಿಡುವ ಮೊದಲೇ ಹೋಗಿತ್ತಂತೆ.

ಅಷ್ಟರಲ್ಲಿ ಒಬ್ಬ ಮನುಷ್ಯ ನಮ್ಮ ಕಡೆ ನಡೆದು ಬಂದ. ನೀರು ಇಳಿದ ನೆಲದಲ್ಲಿ ಕಲ್ಲಂಗಡಿ ಹಾಕಿದ್ದನಂತೆ. ಅವನ ಬಳ್ಳಿಗಳು ಅವ್ವ ಕಟ್ಟೆ ಎಂದ ಜಾಗದವರೆಗೆ ಹಬ್ಬಿದ್ದವು.

"ಯಾವ ಊರಾವರ್ರಿ ನೀವು?"

"ಇದ ಊರಾವರ್ರಿ," ಅಂದಳು ಅವ್ವ.

ಅವನು ಸುತ್ತಲೂ ನೋಡಿದ, ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. "ತಂಗಿ, ನೀವು?"

"ನಾನೂ ಇದ ಊರಾಕಿರಿ," ಎಂದೆ. ಒಂದು ರಾತ್ರಿಯೂ ನಾನು ಮಲಗಿರದ ಊರು. ನಾಲಿಗೆ ತಡವರಿಸಲಿಲ್ಲ. ಆದರೆ ಹೇಳಿದ ಮರುಗಳಿಗೆಯೇ ಆ ಇನ್ನೊಂದು ಕಣಿವೆ ಕಣ್ಣಿಗೆ ಬಂತು. ಈಗ ಅಲ್ಲಿ ನೀರು ತುಂಬಿರುತ್ತದೆ, ಮೆಟ್ಟಿಲು, ಸೇತುವೆ, ಗೋಡೆಯ ಮೂಲೆ ಎಲ್ಲ ಒಳಗೆ. ಅಲ್ಲಿ ನಿಂತು ಯಾರಾದರೂ ಹೀಗೇ ಕೇಳಿದರೆ ಇದೇ ಉತ್ತರ ಕೊಟ್ಟೇನು ಅನ್ನಿಸಿ ಆ ಬಿಸಿಲಿನಲ್ಲೂ ಮೈ ತಣ್ಣಗಾಯಿತು.

ಅವನು ಒಂದು ಹಣ್ಣು ಕಿತ್ತು ಮೊಣಕಾಲಿಗೆ ಬಡಿದು ಒಡೆದು ಕೊಟ್ಟ. ಕಾದ ಹಣ್ಣು, ಒಳಗೂ ಬೆಚ್ಚಗಿತ್ತು.

"ಇನ್ನ ಎಷ್ಟ ದಿನ ಇರ್ತೀರಿ?" ಎಂದು ಕೇಳಿದ.

ಅವ್ವ ತಿನ್ನುವುದು ನಿಲ್ಲಿಸಿ ನನ್ನ ಬಾಯಿ ನೋಡಿದಳು.

"ನೀರು ಬರೂದ್ರಾಗ ಹೋಗ್ತೇನ್ರಿ," ಎಂದೆ.

"ಹೌದ್ರಿ," ಅಂದ ಅವನು, ಬೀಜ ಉಗುಳುತ್ತ. "ಇಲ್ಲಿ ಎಲ್ಲಾರೂ ಹಂಗರಿ."